ಕೆಂಪಾಗದ ಅರಿಶಿನ ಕಾಗದ

ಮೊನ್ನೆ ನಮ್ಮ ಓಣಿಗೆ ಕಲಾಯಿಯವನು ಬಂದಿದ್ದ. ಈಗ ಎಲ್ಲರ ಮನೆಯಲ್ಲೂ ಸ್ಟೀಲಿನ ಪಾತ್ರೆಗಳೇ, ತಾಮ್ರ ಹಿತ್ತಾಳೆಗಳೆಲ್ಲ ಅಟ್ಟ ಸೇರಿವೆ. ಅವನು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಎದುರುಮನೆಯ ಕಟ್ಟೆಯ ಹತ್ತಿರ ಕುಳಿ ತೋಡಿ, ತಿದಿ ಒತ್ತಿ, ಕಾದ ಹಂಡೆಯೊಳಗೆ ನವಸಾಗರದ ಪುಡಿ ಚೆಲ್ಲಿದ. ಬಿಳಿ ಹೊಗೆ ಭುಸ್ಸೆಂದು ಎದ್ದು ನಮ್ಮ ಕಿಟಕಿಯೊಳಗೇ ಬಂತು. ಸೊಸೆ ಸೆರಗನ್ನು ಮೂಗಿಗೆ ಹಿಡಿದು, "ಏನ್ ಘಾಟು ಅತ್ತ್ಯಾರ" ಎನ್ನುತ್ತ ಕಿಟಕಿ ಮುಚ್ಚಲು ಹೋದಳು. "ಇರ್ಲಿ ಬಿಡು" ಎಂದೆ. ಮೂಗು ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಆದರೂ ಅಲ್ಲಿಯೇ ನಿಂತೆ. ಆ ವಾಸನೆಯ ಋಣ ನನ್ನ ಮೇಲಿದೆ. ಅದು ಇರದಿದ್ದರೆ ಒಬ್ಬ ಹುಡುಗಿಯ ಓದು ಕೆಡಿಸಿದ ಪಾಪ ನನ್ನ ತಲೆಯ ಮೇಲೆಯೇ ಉಳಿಯುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗಿ ವರ್ಷವಾಗುತ್ತ ಬಂದಿದ್ದ ಮಳೆಗಾಲ ಅದು. ನನಗೆ ಇಪ್ಪತ್ತು ವಯಸ್ಸು, ಲಗ್ನವಾಗಿ ಎರಡು ವರ್ಷ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ನಮ್ಮ ಮನೆಯವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರು. ಹುಡುಗರು ಪ್ರಯೋಗ ಮಾಡುವಾಗ ಪಕ್ಕದಲ್ಲಿ ನಿಂತು ತಿದ್ದುವ ಕೆಲಸ.

ನಾನು ಕ್ರೈಸ್ತ ಸಿಸ್ಟರುಗಳ ಸಾಲೆಯಲ್ಲಿ ಮ್ಯಾಟ್ರಿಕ್‌ವರೆಗೆ ಓದಿದವಳು. ಇಂಗ್ಲಿಷ್ ಪದ್ಯ, ದುಂಡನೆಯ ಅಕ್ಷರ, ಕರ್ಚೀಫಿನ ಅಂಚಿಗೆ ಕಸೂತಿ, ಉಗುರು ಹಲ್ಲುಗಳ ಸ್ವಚ್ಛತೆ, ಇವು ನಮ್ಮ ಪಾಠಗಳು. ಒಂದು ದಿನ ಸಿಸ್ಟರ್ ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದರು. ಜ್ವಾಲೆ ಸಣ್ಣಗಾಗಿ, ನೀಲಿಯಾಗಿ, ಆರಿತು. "ಗಾಳಿಯೊಳಗಿನ ಒಂದು ಅಂಶ ಖರ್ಚಾಯಿತು" ಎಂದರು. ಖರ್ಚಾಗಿ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಅದು ಗಂಡುಹುಡುಗರ ಪಾಠ ಎಂದು ನಕ್ಕು ಸೂಜಿದಾರ ಕೈಗಿತ್ತರು. ಆ ಪ್ರಶ್ನೆ ನನ್ನ ಜೊತೆಗೇ ಗಂಡನ ಮನೆಗೆ ಬಂತು. ಕೆಮಿಸ್ಟ್ರಿ ಬಲ್ಲವರ ಕೈಹಿಡಿದೆನಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಬಂದ ಹೊಸದರಲ್ಲಿ, "ಕಾಲೇಜಿನ್ಯಾಗ ದಿನಾ ಏನ್ ಮಾಡ್ತೀರಿ?" ಎಂದು ಕೇಳಿದೆ. "ನೀರಿಗೆ ನೀರು ಬೆರಸ್ತೇವಿ" ಎಂದು ಪೇಪರು ಬಿಡಿಸಿದರು. ಮತ್ತೆ ಕೇಳಲಿಲ್ಲ. ಆ್ಯಸಿಡ್ ಬಿದ್ದು ಅವರ ಕೋಟಿಗೆ ಆಗುತ್ತಿದ್ದ ತೂತುಗಳಿಗೆ ರಫು ಹಾಕುವುದಷ್ಟೇ ನನಗೆ ದಕ್ಕಿದ ಕೆಮಿಸ್ಟ್ರಿ.

ಆಷಾಢದಲ್ಲಿ ಗಿರಿಜಾ ಬಂದಳು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯ ಮಗಳು. ನಮ್ಮ ಮನೆಯಿಂದ ಎರಡು ಓಣಿ ಆಚೆ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಸೈನ್ಸ್ ವರ್ಗದಲ್ಲಿ ಮೂವತ್ತು ಗಂಡುಹುಡುಗರ ನಡುವೆ ಅವಳೊಬ್ಬಳೇ ಹುಡುಗಿ. ಹಣೆಗೆ ತೆಳುವಾದ ವಿಭೂತಿ, ಎರಡು ಜಡೆ, ಬಲಗೈಯ ನಡುಬೆರಳಿಗೆ ಸದಾ ಶಾಯಿ. ಮಂಗಳವಾರ, ಶುಕ್ರವಾರ, ರವಿವಾರ ಸಂಜೆ ಪಾಠಕ್ಕೆ ಬರಬೇಕೆಂದು ಅವಳ ತಂದೆಯೇ ಬಂದು ಮಾತಾಡಿ ಹೋಗಿದ್ದರು.

ಮೊದಲ ವಾರವೇ ಚಹದ ಬಟ್ಟಲು ತೆಗೆದುಕೊಳ್ಳುತ್ತ ಅವಳು ನನಗೆ ಎಲ್ಲ ಹೇಳಿಬಿಟ್ಟಳು. "ಅಕ್ಕಾರ, ದಸರಾದಕಿಂತ ಮೊದಲ ಕಾಲೇಜಿನ್ಯಾಗ ಪರೀಕ್ಷಾ ಐತ್ರಿ. ಮೊದಲ ಮೂರು ಮಂದ್ಯಾಗ ಬಂದ್ರ ಡಾಕ್ಟರಕಿ ಓದಸ್ತೇನಿ, ಇಲ್ಲಾಂದ್ರ ಗದಗಿನವರಿಗೆ ಹ್ಞೂಂ ಅಂತೇನಿ ಅಂದಾರ್ರಿ ನಮ್ಮ ಅಪ್ಪಾರು."

"ಗದಗಿನ ಹುಡುಗ ಹ್ಯಾಂಗಿದ್ದಾನ?" ಎಂದೆ.

"ನೋಡೇ ಇಲ್ರಿ. ಎತ್ತು ಛಲೋ ಅದಾವಂತ್ರಿ ಅವರ ಮನ್ಯಾಗ."

ಇಬ್ಬರೂ ನಕ್ಕೆವು. ಅವಳ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಅದು ಹುಟ್ಟಿದ್ದು ಅದೇ ಸಂಜೆ, ಹತ್ತು ನಿಮಿಷ ಕಳೆದ ಮೇಲೆ.

ನಮ್ಮ ಮನೆಯವರು ಅಡಿಗೆಮನೆಗೆ ಬಂದು ನನ್ನ ಡಬ್ಬಿಯಿಂದ ಒಂದು ಹಳಕು ಬೆಲ್ಲ ತೆಗೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಆಮೇಲೆ ಬಾಗಿಲಾಚೆಯಿಂದ ಮಾತು ಕೇಳಿಸಿತು.

"ಈ ಬೆಲ್ಲಾ ಒಡಕೋತ ಹೋಗು. ಕಣ್ಣಿಗೆ ಕಾಣದಷ್ಟು ಸಣ್ಣದಾದ್ರೂ ಅದು ಬೆಲ್ಲನ. ಹೌದಲ್ಲ? ಆದ್ರ ಒಂದು ಮಟ್ಟದ ಆಚೆ ಒಡದಿ ಅಂದ್ರ ಅದು ಬೆಲ್ಲ ಆಗಿ ಉಳಿಯೂದಿಲ್ಲ. ಇದ್ದಲಿಯ ಪರಮಾಣು ಒಂದು ಕಡೆ, ನೀರಿನೊಳಗಿನ ಪರಮಾಣು ಒಂದು ಕಡೆ. ಅದರಾಗ ಯಾವುದರಾಗೂ ಸಿಹಿ ಇಲ್ಲ. ಅವೆಲ್ಲಾ ಒಂದರ ಕೈ ಒಂದು ಹಿಡಕೊಂಡು ನಿಂತಾವಲ್ಲ, ಆ ನಿಂತ ರೀತಿಯೊಳಗ ಅದ ಸಿಹಿ."

ನನ್ನ ಕೈಯಲ್ಲಿ ಕುಟ್ಟಣಿಗೆ ನಿಂತುಹೋಯಿತು. ಇಂಥ ಮಾತು ಇವರ ಬಾಯಲ್ಲಿ ಇದೆಯೆಂದು ಎರಡು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ. ದನಿಯೂ ಬೇರೆಯಾಗಿತ್ತು. ಊಟಕ್ಕೆ ಕೂತಾಗಿನ ದನಿ ಅಲ್ಲ, ಒಗೆದ ಬಟ್ಟೆಗೆ ಬಿಸಿಲು ಬಿದ್ದ ಹಾಗಿನ ದನಿ. ಬೆಲ್ಲ ನನ್ನ ಡಬ್ಬಿಯದು, ಮಾತು ಅವಳಿಗೆ. ಎದೆಯ ಕೆಳಗೆ ಏನೋ ಬಿಸಿಯಾಗಿ ಕೂತುಕೊಂಡಿತು. ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡಲು ನನಗೆ ಹದಿನೈದು ದಿನ ಬೇಕಾಯಿತು. ಸಿಸ್ಟರುಗಳು ಕಲಿಸಿದ ಪಾಪಗಳ ಪಟ್ಟಿಯಲ್ಲಿ ಅದು ಇತ್ತು, ಆದರೆ ಅದು ನನ್ನದೆಂದು ಎಂದೂ ಅನ್ನಿಸಿರಲಿಲ್ಲ.

ಆಮೇಲಿನ ಎಲ್ಲ ಮಂಗಳವಾರ, ಶುಕ್ರವಾರ, ರವಿವಾರ ನಾನು ಆ ಬಾಗಿಲಿಗೆ ಕಿವಿಗೊಟ್ಟೇ ಕೆಲಸ ಮಾಡಿದೆ. ಅವಳು ಅಂಗಳಕ್ಕೆ ಬರುವ ಮೊದಲೇ ಛತ್ರಿಯಿಂದ ನೀರು ಝಾಡಿಸುವ ಸದ್ದು ಕೇಳುತ್ತಿತ್ತು. ಇವರು ಆ ಸದ್ದಿಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ರಫು ಹಾಕಿದ ಕೋಟು. ಬಾಗಿಲಾಚೆಯಿಂದ ಕೇಳಿದ ಪಾಠಗಳು ಹೀಗಿದ್ದವು: ಚುರುಮುರಿ ಚೂಡಾ ಮಿಶ್ರಣ, ಶೇಂಗಾ ಬೇರೆ ಪುಠಾಣಿ ಬೇರೆ ಆರಿಸಿಡಬಹುದು. ಧಾರವಾಡದ ಫೇಡೆ ಹಾಗಲ್ಲ, ಒಮ್ಮೆ ಫೇಡೆಯಾದ ಹಾಲು ಮತ್ತೆ ಹಾಲಾಗದು. ಉಪ್ಪು ನೀರಲ್ಲಿ ಕರಗಿದರೆ ಕುದಿಸಿ ಮರಳಿ ಪಡೆಯಬಹುದು. ಹಾಲು ಮೊಸರಾದರೆ ಮುಗಿಯಿತು. ಕಾಗದ ಸುಟ್ಟರೆ ಬೂದಿ ಹಗುರ, ಆದರೆ ಹೊಗೆಯನ್ನೂ ಹಿಡಿದು ತೂಗಿದರೆ ಏನೂ ಕಡಿಮೆಯಾಗಿರುವುದಿಲ್ಲ. ಮೇಣದಬತ್ತಿಯ ಗಾಳಿ ಎಲ್ಲಿಗೆ ಹೋಯಿತೆಂಬುದಕ್ಕೆ ಅಂದು ನನಗೆ ಉತ್ತರ ಸಿಕ್ಕಿತು. ಅದು ಎಲ್ಲಿಗೂ ಹೋಗಿರಲಿಲ್ಲ, ಲೋಟದೊಳಗೇ ಮೇಣದ ಇದ್ದಲಿಯ ಕೈ ಹಿಡಿದು ನಿಂತಿತ್ತು. ಆ ಸಂತೋಷದಲ್ಲಿ ಕಣ್ಣು ತುಂಬಿ ಬಂತು. ಮರುಕ್ಷಣವೇ ಆ ಉತ್ತರ ಇನ್ನೊಬ್ಬಳಿಗೆ ಹೇಳಿದ್ದು, ನಾನು ಕದ್ದು ಕೇಳಿದ್ದು ಎಂದು ನೆನಪಾಗಿ ಅದೇ ಕಣ್ಣು ಉರಿಯಿತು.

ನಮ್ಮ ಅತ್ತೆಯವರೂ ಅವಳ ಕಡೆಗೇ ವಾಲಿದರು. ಮಡಿಯವರು, ಬೇರೆಯವರನ್ನು ಅಡಿಗೆಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಗಿರಿಜಾ ಅದನ್ನು ತಿಳಿದು ತಾನಾಗಿಯೇ ಹೊಸ್ತಿಲ ಆಚೆ ನಿಲ್ಲುತ್ತಿದ್ದಳು. ಒಂದು ದಿನ ತಂದೆಯ ಗಿರಣಿಯಿಂದ ಹೂವಿನಂಥ ಹತ್ತಿ ತಂದು ಹೊಸ್ತಿಲ ಮೇಲಿಟ್ಟಳು. ಅತ್ತೆ ಅದನ್ನು ಹಿಂಜಿ ಬತ್ತಿ ಹೊಸೆಯುತ್ತ ಇಡೀ ಶ್ರಾವಣ ಅವಳ ಗುಣಗಾನ ಮಾಡಿದರು. ನಾನು ಎರಡು ವರ್ಷದಿಂದ ಹೊಸೆದುಕೊಟ್ಟ ಬತ್ತಿಗಳ ಮಾತು ಯಾರೂ ಎತ್ತಲಿಲ್ಲ.

ಕಲಾಯಿಯವನು ಬಂದದ್ದು ಆ ದಿನಗಳಲ್ಲೇ. ನಮ್ಮ ಹಿತ್ತಿಲಲ್ಲಿ ಕುಳಿ ತೋಡಿದ್ದ. ಪಾಠಕ್ಕೆ ಬೇಗ ಬಂದ ಗಿರಿಜಾ ನನ್ನ ಪಕ್ಕ ನಿಂತು ನೋಡಿದಳು. ಹೊಗೆ ಎದ್ದಾಗ ಕೆಮ್ಮುತ್ತ, "ಇದೇನ್ರಿ ಅಕ್ಕಾರ, ಮೂಗಿನ್ಯಾಗ ಸೂಜಿ ಚುಚ್ಚಿಧಂಗ?" ಎಂದಳು.

"ನವಸಾಗರ. ಹೊಲಸು ಸುಟ್ಟು ತಾಮ್ರಾ ಚೊಕ್ಕ ಮಾಡ್ತದ. ಈ ವಾಸನಿ ಒಮ್ಮೆ ಹಿಡದ್ರ ಮರಿಯೂದಿಲ್ಲ ನೋಡು."

ಇದೊಂದನ್ನು ನಾನು ಅವಳಿಗೆ ಕಲಿಸಿದೆ. ಅಂದು ಅದು ಪಾಠವೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಯುದ್ಧದಿಂದಾಗಿ ಲಿಟ್ಮಸ್ ಕಾಗದ ವಿಲಾಯತಿಯಿಂದ ಬರುವುದು ನಿಂತಿತು. ಹುಳಿಯೋ ಕ್ಷಾರವೋ ಎಂದು ಬಣ್ಣ ಬದಲಿಸಿ ತೋರಿಸುವ ಕಾಗದ ಅದು. ಒಂದು ದಿನ ಇವರು ಶಾಯಿ ಹೀರುವ ಒತ್ತುಕಾಗದದ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. "ಅರಿಶಿಣದ ಕಾಗದ ಮಾಡಬೇಕಾಗೇದ. ಸುಣ್ಣ ಸೋಡಾದಂಥಾ ಕ್ಷಾರ ತಾಕಿದ್ರ ಅರಿಶಿಣ ಕೆಂಪಾಗ್ತದ. ನಿನಗ ಬರ್ತದೇನು?"

ಬರುತ್ತದೆಯೇ ಎಂದರೆ! ಆರತಿಯ ಕೆಂಪು ನೀರನ್ನು ಅರಿಶಿನಕ್ಕೆ ಸುಣ್ಣ ಬೆರೆಸಿಯೇ ಅಲ್ಲವೆ ನಾವು ಮಾಡುವುದು? ಹಾಳೆಗಳನ್ನು ಎರಡು ಬೆರಳಗಲ ಕತ್ತರಿಸಿ, ಅರಿಶಿನದಲ್ಲಿ ಅದ್ದಿ, ಮಳೆಯ ದಿನಗಳಾದ್ದರಿಂದ ಒಲೆಯ ಮೇಲೆ ಬುಟ್ಟಿ ಬೋರಲಿಟ್ಟು ಒಣಗಿಸಿದೆ. ಅಂಚುಗಳು ಸೊಟ್ಟಗಾಗದಂತೆ, ಬಣ್ಣ ಎಲ್ಲೂ ಹೆಚ್ಚುಕಡಿಮೆಯಾಗದಂತೆ. ಕಟ್ಟುಗಳನ್ನು ಕಾಲೇಜಿಗೆ ಒಯ್ದ ಇವರು ಸಂಜೆ, "ಪ್ರೊಫೆಸರು ಛಲೋ ಆಗ್ಯಾವ ಅಂದ್ರು" ಎಂದರು. ಅಂದು ಜೋಳದ ರೊಟ್ಟಿ ಸುಟ್ಟರೂ ನನಗೆ ಬೇಸರವಾಗಲಿಲ್ಲ.

ಶ್ರಾವಣದ ಒಂದು ಶುಕ್ರವಾರ ಮನೆಗೆ ಮುತ್ತೈದೆಯರು ಬರುವವರಿದ್ದರು. ಆರತಿಯ ತಾಮ್ರದ ಹರಿವಾಣವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಪಡಸಾಲೆಯಲ್ಲಿ ಪಾಠ ನಡೆದಿತ್ತು. ಕೇಳುತ್ತ ಕೇಳುತ್ತ ಸರಿಯಾಗಿ ತೊಳೆಯಲಿಲ್ಲವೆಂದು ಕಾಣುತ್ತದೆ. ನೀರು ಸುರಿದು, ಅರಿಶಿನ ಕದಡಿ, ಸುಣ್ಣ ಹಾಕಿದೆ. ನೀರು ಹಳದಿಯಾಗಿಯೇ ಉಳಿಯಿತು. ಇನ್ನಷ್ಟು ಹಾಕಿದೆ. ಆಗಲೂ ಹಳದಿ. ಅತ್ತೆ ಬಂದು ನೋಡಿ ಹಣೆ ಚಚ್ಚಿಕೊಂಡರು.

"ಕೈಯಾಗ ಹುಣಸಿಹಣ್ಣು, ಕಿವಿ ಪಡಸಾಲ್ಯಾಗ. ಕೆಂಪು ಹ್ಯಾಂಗ ಆಗಬೇಕು? ಮತ್ತೊಮ್ಮೆ ತೊಳಿ."

ಮರುದಿನ ಹಿತ್ತಿಲಲ್ಲಿ ನಾಲ್ಕು ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟು ನೋಡಿದೆ. ಹುಣಸೆ ಇಷ್ಟಿದ್ದರೆ ಸುಣ್ಣ ಇಷ್ಟು ಬೇಕು, ಅಲ್ಲಿಯವರೆಗೆ ಅರಿಶಿನ ಜಪ್ಪಯ್ಯ ಎಂದರೂ ಕೆಂಪಾಗದು. ಆಮೇಲೆ ಒಂದು ಕಡ್ಡಿಯಷ್ಟು ಸುಣ್ಣ ಹೆಚ್ಚಾದರೆ ಸಾಕು, ತಟಕ್ಕನೆ ಕೆಂಪು. ಕೆಂಪಾದದ್ದಕ್ಕೆ ಹುಣಸೆ ಹಿಂಡಿದರೆ ಮತ್ತೆ ಹಳದಿ. ಇದು ಮೊಸರಿನ ಹಾಗಲ್ಲ, ಹಿಂದಿರುಗುವ ಬದಲಾವಣೆ. ಊಟಕ್ಕೆ ಬಡಿಸುತ್ತ ಇವರಿಗೆ ಹೇಳಿದೆ. ಇವರು ಪೇಪರಿನ ಯುದ್ಧದ ಸುದ್ದಿಯಿಂದ ತಲೆಯೆತ್ತದೆ, "ಹ್ಞೂಂ, ಹ್ಞೂಂ. ಸಾರು ಹಾಕು" ಎಂದರು.

ಮೂರು ದಿನಗಳ ಮೇಲೆ ಹುಳಿ ಕ್ಷಾರಗಳ ಪಾಠದ ನಡುವೆ ಗಿರಿಜಾ ಕೇಳಿದಳು. "ಸರ್, ಆರತಿ ಓಕಳಿ ನೀರಿನ ಮ್ಯಾಲೆ ನಿಂಬಿಹಣ್ಣು ಹಿಂಡಿದ್ರ ಹಳದಿ ಆಕ್ಕೈತಲ್ರಿ, ಅದೂ ಇದ ಏನ್ರಿ?"

"ಶಾಬಾಸ್ ಗಿರಿಜಾ. ಇಂಥಾ ಕಣ್ಣು ಬೇಕು. ಪುಸ್ತಕ ಯಾರ ಬೇಕಾದ್ರೂ ಓದ್ತಾರ." ಆಮೇಲೆ ಅರ್ಧ ಗಂಟೆ ಅದರ ಮೇಲೆಯೇ ಮಾತು.

ನಾನು ಅಡಿಗೆಮನೆಯಲ್ಲಿ ಹಾಲಿನ ಪಾತ್ರೆಯ ಮುಂದೆ ನಿಂತಿದ್ದೆ. ಹಾಲು ಉಕ್ಕಿ ಒಲೆಗೆ ಬಿತ್ತು. ನೋಡುತ್ತಲೇ ಇದ್ದೆ.

ಭಾದ್ರಪದ ಮುಗಿಯುವ ಹೊತ್ತಿಗೆ ಪರೀಕ್ಷೆ ಬಂತು. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಉಪ್ಪು ಕೊಡುತ್ತಾರೆ, ಅದರಲ್ಲಿ ಏನೇನಿದೆಯೆಂದು ಪ್ರಯೋಗ ಮಾಡಿ ಹೇಳಬೇಕು. ಎಲ್ಲರಿಗೂ ಒಂದೊಂದು ಕಟ್ಟು ಅರಿಶಿನ ಕಾಗದ ಬೇಕೆಂದು ಇವರು ಹೇಳಿದರು. "ಗಿರಿಜಾನ ಕಟ್ಟು ಇಲ್ಲೇ ಆಕಿ ಕೈಯಾಗ ಕೊಟ್ಟುಬಿಡು" ಎಂದರು.

ಮೂವತ್ತು ಕಟ್ಟುಗಳನ್ನು ನೆಟ್ಟಗೆ ಮಾಡಿದೆ. ಮೂವತ್ತೊಂದನೆಯದಕ್ಕೆ ಅರಿಶಿನದಲ್ಲಿ ಹುಣಸೆಯ ರಸ ಬೆರೆಸಿದೆ. ಎಷ್ಟು ಹಾಕಬೇಕೆಂದು ನನಗೆ ಗೊತ್ತಿತ್ತು. ಧಾರವಾಡದಲ್ಲಿ ಅಂದು ಅದು ಗೊತ್ತಿದ್ದವಳು ನಾನೊಬ್ಬಳೇ ಇರಬೇಕು. ಒಣಗಿದ ಮೇಲೆ ಉಳಿದ ಕಟ್ಟುಗಳಿಗಿಂತ ಅದೇ ಹೊಳಪಾಗಿ ಕಂಡಿತು. ಗುರುತಿಗೆ ಕೆಂಪು ದಾರ ಕಟ್ಟಿದೆ, ಕಸೂತಿಯ ದಾರ.

ಪರೀಕ್ಷೆಯ ದಿನ ಬೆಳಿಗ್ಗೆ ಗಿರಿಜಾ ಕಾಗದ ಒಯ್ಯಲು ಬಂದಳು. ಮುಖ ಬಿಳಿಚಿಕೊಂಡಿತ್ತು. ಅತ್ತೆ ಅವಳನ್ನು ಅಂಗಳದಲ್ಲಿ ನಿಲ್ಲಿಸಿ ನನ್ನನ್ನು ಕೂಗಿದರು. "ಸಿಂಧು, ಕೆಂಪು ನೀರು ತಾ. ಹುಡುಗಿ ಒಬ್ಬಾಕಿನ ಅಷ್ಟು ಮಂದ್ಯಾಗ ಓದ್ತಾಳ, ಯಾರ ಕಣ್ಣು ಬಿದ್ದಾವೋ ಏನೋ. ದೃಷ್ಟಿ ತಗೀತೇನಿ."

ಹರಿವಾಣವನ್ನು ಮೂರು ಸಲ ತೊಳೆದೆ. ಅರಿಶಿನ, ಸುಣ್ಣ. ನೀರು ರಕ್ತದ ಹಾಗೆ ಕೆಂಪಾಯಿತು. ಅತ್ತೆ ಅವಳ ಮುಖಕ್ಕೆ ಮೂರು ಸಲ ಸುತ್ತಿಸಿ, ಎಲ್ಲರ ಕೆಟ್ಟ ಕಣ್ಣೂ ಈ ನೀರಿನೊಳಗೆ ಬೀಳಲಿ ಎಂದು ಬಾಗಿಲಾಚೆ ಚೆಲ್ಲಿದರು. ಮಳೆ ನಿಂತಿತ್ತು. ಕೆಂಪು ನೀರು ಮಾಳಮಡ್ಡಿಯ ಕೆಂಪು ಮಣ್ಣಿನಲ್ಲಿ ಇಂಗಿ ಗುರುತೇ ಉಳಿಯಲಿಲ್ಲ. ಆಗ ಹೇಳಬಹುದಿತ್ತು. ಇನ್ನೊಂದು ಕಟ್ಟು ತಂದು ಬದಲಿಸಬಹುದಿತ್ತು, ಮೊದಲು ಮಾಡಿದ್ದರಲ್ಲಿ ಎರಡು ಒಳಗೆ ಉಳಿದಿದ್ದವು. ನಾನು ಕೆಂಪು ದಾರದ ಕಟ್ಟನ್ನು ಅವಳ ಕೈಯಲ್ಲಿಟ್ಟೆ. "ನಿಮ್ಮ ಕೈಗುಣ ಛಲೋ ಐತ್ರಿ ಅಕ್ಕಾರ" ಎಂದು ಕಾಲುಮುಟ್ಟಿ ನಮಸ್ಕರಿಸಿ ಹೋದಳು.

ಆ ದಿನ ತೊಳೆದಿಟ್ಟ ಹರಿವಾಣವನ್ನೇ ಮತ್ತೆ ಮತ್ತೆ ತೊಳೆದೆ. ಗದಗಿನ ಎತ್ತುಗಳು ಕಣ್ಣ ಮುಂದೆ ಬರುತ್ತಿದ್ದವು.

ಮಧ್ಯಾಹ್ನ ಮೂರಕ್ಕೆ ಅವಳು ಮುಂಬಾಗಿಲಿಗೆ ಬರದೆ ನೇರ ಹಿತ್ತಿಲಿಗೆ ಬಂದಳು. ನಾನು ಬಟ್ಟೆ ಒಗೆಯುತ್ತಿದ್ದೆ. ಒಗೆಯುವ ಕಲ್ಲಿನ ಮೇಲೆ ಒಂದು ಹಳದಿ ಕಾಗದ ಇಟ್ಟಳು.

"ಕೆಂಪಾಗಲಿಲ್ರಿ ಅಕ್ಕಾರ."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡತೊಡಗಿದೆ.

"ಉಪ್ಪಿಗೆ ಕ್ಷಾರ ಹಾಕಿ ಕಾಸಿದ್ನಿ. ಗಾಳಿ ಎದ್ದು ಬಂತು. ಕಾಗದ ಹಿಡದ್ನಿ, ಹಳದಿ. ಮತ್ತೊಂದು ಹಿಡದ್ನಿ, ಹಳದಿ. ಏನೂ ಇಲ್ಲ ಅಂತ ಬರದೂ ಬಿಟ್ಟಿದ್ನಿ. ಹಂಗ ಬಗ್ಗಿದ್ನ್ಯಾ, ಮೂಗಿನ್ಯಾಗ ಸೂಜಿ ಚುಚ್ಚಿಧಂಗ ಆತು. ನಿಮ್ಮ ಹಿತ್ತಲಾ ನೆನಪಾತ್ರಿ. ಕಲಾಯಿ. ಮೊದಲ ಬರದದ್ದು ಹೊಡದ್ಹಾಕಿ ನವಸಾಗರ ಅಂತ ಬರದ್ನಿ. ಕಾಗದ ಸುಳ್ಳು ಹೇಳ್ತು, ಮೂಗು ಖರೇ ಹೇಳ್ತು ಅಂತ ಪ್ರೊಫೆಸರ್ ಮುಂದ ಅಂದ್ನಿ. ನಕ್ಕು ಬರೋಬರಿ ಅಂದ್ರು."

ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟೆ.

"ಹೊರಗ ಬಂದು ಕಾಗದ ನಾಲಿಗಿಗೆ ಹಚ್ಚಿ ನೋಡಿದ್ನಿ. ಹುಳಿ ಐತ್ರಿ." ನನ್ನ ಮುಖ ನೋಡಿ ತಟಕ್ಕನೆ ಕೆಳಗೆ ನೋಡಿದಳು. "ಅಡಗಿ ಮಾಡೋ ಕೈಯಲ್ರಿ. ಹುಣಸಿಹಣ್ಣು ಹತ್ತಿರಬೇಕು."

ದಾರಿ ಮಾಡಿಕೊಟ್ಟಿದ್ದಳು. ಹೌದು ಎಂದರೆ ಮುಗಿಯುತ್ತಿತ್ತು.

"ಹತ್ತಿದ್ದಲ್ಲ" ಎಂದೆ. "ನಾನ ಹಾಕಿದ್ದು."

"ಯಾಕ್ರಿ?" ಎಂದಳು. ಅಳುವ ದನಿಯಲ್ಲ, ಪಾಠದಲ್ಲಿ ಕೇಳುವ ದನಿ.

"ಅವರು ನಿನಗ ಶಾಬಾಸ್ ಅಂದ್ರು. ಅದನ್ನ ನಾ ಮೂರು ದಿನಾ ಮೊದಲ ಹೇಳಿದ್ದೆ. ಸಾರು ಹಾಕು ಅಂದ್ರು."

ಅವಳು ಆ ಕಾಗದವನ್ನು ನನ್ನ ಒದ್ದೆ ಅಂಗೈಯಲ್ಲಿಟ್ಟಳು. "ಸರ್‌ಗೆ ನಾ ಹೇಳಂಗಿಲ್ರಿ. ನೀವ ಹೇಳ್ರಿ. ಆದ್ರ ನಿಮ್ಮ ಮ್ಯಾಲೆ ನನಗ ಸಿಟ್ಟು ಬಂದೈತಿ. ಅದನ್ನೂ ಹೇಳ್ತೇನಿ." ಹೊರಟುಹೋದಳು. ಛತ್ರಿ ಮರೆತಿದ್ದಳು.

ಮರುದಿನ ರವಿವಾರ. ಬೆಳಗಿನ ಚಹದ ಜೊತೆಗೆ ಆ ಕಾಗದವನ್ನೂ ಇವರ ಮುಂದಿಟ್ಟು ನಿಂತೇ ಎಲ್ಲ ಹೇಳಿದೆ. ಬಾಗಿಲ ಹಿಂದೆ ಕೇಳಿದ್ದು, ನಾಲ್ಕು ಚಿಪ್ಪು, ಕೆಂಪು ದಾರ. ಇವರು ಪೇಪರು ಮಡಿಸಿದರು. ಮುಖ ಕೆಂಪೇರಿತು. "ಆಕಿ ಜನ್ಮ ಹಾಳಾಗ್ತಿತ್ತು" ಎಂದರು. "ಹೌದು" ಎಂದೆ. ಬೈಗುಳಕ್ಕೆ ಕಾದೆ. ಇವರು ಎದ್ದು ಪಡಸಾಲೆಯ ಉದ್ದಕ್ಕೂ ಎರಡು ಸಲ ನಡೆದರು. ಕಾಗದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಗೆ, ನನ್ನ ಕಡೆ ತಿರುಗದೆಯೇ ಕೇಳಿದರು.

"ಎಷ್ಟು ಹುಣಸಿ ಹಾಕಿದ್ದಿ?"

"ಅಡಿಕಿ ಗಾತ್ರ. ಅರ್ಧ ವಾಟಿ ನೀರಿಗೆ."

"ಮೊದಲ ನೋಡಿದ್ಯಾ?"

"ನಾಕು ಸರ್ತೆ. ನಾಕೂ ಸರ್ತೆ ಅಷ್ಟ ಬಂತು."

ಲಗ್ನವಾಗಿ ಎರಡು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆಗಳು ಅವು. ನೋಟುಬುಕ್ಕು ತೆಗೆದು ಬರೆದುಕೊಂಡರು. "ಗಿರಿಜಾ ಬಂದ್ರ ಆಕಿ ಮುಂದ ತಪ್ಪಾತು ಅನ್ನು" ಎಂದರು. ಆಮೇಲೆ ಮೆಲ್ಲಗೆ, "ನಾನೂ ಅನ್ನಬೇಕಾಗೇದ, ನಿನ್ನ ಮುಂದ" ಎಂದರು. ಅಂದರೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಗಿರಿಜಾ ಎರಡನೆಯವಳಾಗಿ ಬಂದಳು. ಮುಂದೆ ಡಾಕ್ಟರೂ ಆದಳು. ಆದರೆ ನನಗೆ ನೆನಪಿರುವುದು ದಸರೆಯಾದ ಮೇಲಿನ ಮೊದಲ ಮಂಗಳವಾರ. ತಪ್ಪಾಯಿತು ಎಂದು ನಾನು ಹೇಳಿದ್ದರೂ ಅವಳು ನನ್ನ ಜೊತೆ ಇನ್ನೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಇವರು ತಾವೇ ಎದ್ದು ನಡುವಿನ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ನಾನು ಹೊಸ್ತಿಲ ಈಚೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತೆ, ಅವಳು ಆಚೆ. ಅತ್ತೆ ನಮ್ಮಿಬ್ಬರನ್ನೂ ನೋಡಿ ಬತ್ತಿ ಹೊಸೆಯುತ್ತ, "ಇನ್ನ ಸಾರಿಗೆ ಉಪ್ಪು ಹಾಕೂದು ಮರತ್ಹಾಂಗನ" ಎಂದರು.

ಇವರು ಪ್ರಶ್ನೆ ಕೇಳಿದರು. ಕಬ್ಬಿಣ ತುಕ್ಕು ಹಿಡಿದರೆ ತೂಕ ಹೆಚ್ಚೋ ಕಡಿಮೆಯೋ? ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ "ಹೆಚ್ಚು" ಎಂದುಬಿಟ್ಟಳು, ಓರೆಗಣ್ಣಿನಿಂದ ನನ್ನ ಕಡೆ ನೋಡುತ್ತ. ಎದೆಯ ಕೆಳಗಿನ ಆ ಹಳೆಯ ಬಿಸಿ ಮತ್ತೆ ಎದ್ದಿತು. ಇವರು, "ಹಂಗಾದ್ರ ಆ ಹೆಚ್ಚಿನ ತೂಕ ಎಲ್ಲಿಂದ..." ಎಂದು ಶುರುಮಾಡಿದ್ದರು.

"ಗಾಳಿಯಿಂದ" ಎಂದೆ, ಅವರು ಮುಗಿಸುವ ಮೊದಲೇ.